ಚಿಕ್ಕವ್ವನಿಗೆ ಹೇಳಿಕೊಟ್ಟ ಹೃದಯ

ಮೆಡಿಕಲ್ ಕಾಲೇಜಿನ ಮೊದಲ ವರ್ಷ ಶನಿವಾರ ಮಧ್ಯಾಹ್ನವಾದರೆ ನಾನು ಚಾಮರಾಜನಗರದಲ್ಲಿ ಕೊಳ್ಳೇಗಾಲದ ಬಸ್ಸು ಹತ್ತಿಬಿಡುತ್ತಿದ್ದೆ. ನನ್ನ ಮನೆ ಇರುವುದು ದಾರಿಯಲ್ಲೇ ಸಿಗುವ ಯಳಂದೂರಿನಲ್ಲಿ. ಬಸ್ಸು ಅಲ್ಲಿ ನಿಲ್ಲುತ್ತಿತ್ತು, ತಾಲ್ಲೂಕು ಕಚೇರಿಗೆ ಬಂದವರು, ಬೆಟ್ಟಕ್ಕೆ ಹೋಗುವವರು ಇಳಿಯುತ್ತಿದ್ದರು. ನಾನು ಮಾತ್ರ ಕಿಟಕಿಯಿಂದ ನಮ್ಮ ಬೀದಿಯ ತಿರುವನ್ನು ನೋಡುತ್ತಾ ಕೂತೇ ಇರುತ್ತಿದ್ದೆ. ಈ ವಿಷಯ ಅವ್ವನಿಗೆ ಯಾರೋ ಹೇಳಿಬಿಟ್ಟಿದ್ದರು.

"ಊರ್ ಮುಂದ್ಲಿಂದ್ಲೇ ದಾಟ್ಕಂಡು ಓಗ್ತೀಯಲ್ಲ, ಎತ್ತವಳು ನಾನಾ ನಿನ್ ಚಿಕ್ಕವ್ವನಾ?" ಎಂದು ಅವ್ವ ಫೋನಿನಲ್ಲಿ ಕೇಳಿದಳು. ಅವ್ವನ ಮೇಲೆ ನನಗೆ ಯಾವ ಬೇಸರವೂ ಇರಲಿಲ್ಲ. ಆದರೆ ವಾರವಿಡೀ ಹಾಸ್ಟೆಲಿನ ಕಬ್ಬಿಣದ ಮಂಚದ ಮೇಲೆ ಮಲಗಿ ನಾನು ನೆನೆಯುತ್ತಿದ್ದದ್ದು ಕೊಳ್ಳೇಗಾಲದ ಆ ಎರಡು ಕೋಣೆಯ ಬಾಡಿಗೆ ಮನೆಯನ್ನು. ಅಲ್ಲಿ ಅವ್ವನ ತಂಗಿ, ನನ್ನ ಚಿಕ್ಕವ್ವ, ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು ಹಾಕಿಕೊಂಡಿದ್ದಳು. ಚಿಕ್ಕಪ್ಪ ಸತ್ತೇಗಾಲದ ತೋಟಗಳಿಂದ ತೆಂಗಿನಕಾಯಿ ತರುವ ಗೂಡ್ಸ್ ಆಟೋ ಓಡಿಸುತ್ತಿದ್ದರು. ಪಿಯುಸಿ ಓದಲು ಹೋದ ನಾನು ಎರಡು ವರ್ಷ ಅವರ ಜೊತೆಗಿದ್ದೆ.

ಚಿಕ್ಕವ್ವನ ಎದೆಯೊಳಗೆ ಲೋಹದ ಕವಾಟವಿತ್ತು. ಹನೂರಿನ ಹತ್ತಿರದ ಊರಿನಲ್ಲಿ ಅವಳು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಗಂಟಲು ನೋವು ಬಂದು, ಆಮೇಲೆ ಮಂಡಿ, ಮೊಣಕೈ ಊದಿಕೊಂಡು ಜ್ವರ ಬಂತಂತೆ. ಬೆಳೆಯುವ ಹುಡುಗಿ, ಕೈಕಾಲು ನೋಯುತ್ತವೆ ಎಂದುಕೊಂಡು ಅಜ್ಜಿ ಎಣ್ಣೆ ತಿಕ್ಕಿ ಬಿಸಿನೀರು ಹಾಕಿದಳು. ಜ್ವರ ಬಿಟ್ಟಿತು, ಎಲ್ಲರೂ ಮರೆತರು. ಗಂಟಲಿನ ಸೋಂಕಿನ ವಿರುದ್ಧ ಎದ್ದ ಮೈ ತನ್ನದೇ ಹೃದಯದ ಕವಾಟವನ್ನೂ ಹಗೆಯೆಂದು ತಿಳಿದು ಕಡಿಯುತ್ತದೆ, ವರ್ಷಗಟ್ಟಲೆ ಕಡಿಯುತ್ತಲೇ ಇರುತ್ತದೆ ಎಂಬುದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಒಂದು ಬಿಂದಿಗೆ ನೀರು ತಂದರೆ ಹೊಸ್ತಿಲ ಮೇಲೆ ಕೂತು ಏದುಸಿರು ಬಿಡುತ್ತಿದ್ದಳು. ಮೈಸೂರಿನಲ್ಲಿ ಆಪರೇಷನ್ ಆಯಿತು. ಅಂದಿನಿಂದ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಒಂದು ದಿನವೂ ತಪ್ಪದೆ ನುಂಗುತ್ತಿದ್ದಳು. ಮಲಗಿದಾಗ ಹತ್ತಿರ ಹೋದರೆ ಅವಳ ಎದೆಯಿಂದ ಕೈಗಡಿಯಾರದಂಥ ಸಣ್ಣ ಸದ್ದು ಕೇಳುತ್ತಿತ್ತು. ಮೊದಮೊದಲು ನನಗೆ ಅದರಿಂದ ನಿದ್ದೆ ಬರುತ್ತಿರಲಿಲ್ಲ, ಆಮೇಲೆ ಅದಿಲ್ಲದೆ ನಿದ್ದೆ ಬರದಂತಾಯಿತು.

ನಾನು ಮೊದಲ ಪಿಯುಸಿಯಲ್ಲಿದ್ದಾಗ ಚಿಕ್ಕವ್ವ ಬಸುರಿಯಾದಳು. ಆ ಮಾತ್ರೆ ಮಗುವಿಗೆ ಕೆಡುಕು, ಬಿಟ್ಟರೆ ಕವಾಟಕ್ಕೆ ಕೆಡುಕು, ಅದಕ್ಕೇ ಯೋಚನೆ ಮಾಡಿ ಎಂದು ಮೈಸೂರಿನ ಡಾಕ್ಟರು ಮೊದಲೇ ಹೇಳಿದ್ದರು. ಅವಳು ಯೋಚನೆ ಮಾಡಿದ್ದಳೋ ಇಲ್ಲವೋ ನಾನು ಕೇಳಲಿಲ್ಲ. ಅವಳ ಮುಖ ನೋಡಿದರೆ ಕೇಳುವ ಮನಸ್ಸು ಯಾರಿಗೂ ಬರುತ್ತಿರಲಿಲ್ಲ. ಮಾತ್ರೆಯ ಬದಲು ಇಂಜೆಕ್ಷನ್ ಶುರುವಾಯಿತು. ಚಿಕ್ಕಪ್ಪನೇ ಕಲಿತು ಹೊಟ್ಟೆಯ ಚರ್ಮಕ್ಕೆ ಚುಚ್ಚುತ್ತಿದ್ದರು. ಚುಚ್ಚುವ ಮುಂಚೆ ಅದೇ ಜಾಗವನ್ನು ಮೂರು ಮೂರು ಸಲ ಹತ್ತಿಯಿಂದ ಒರೆಸುತ್ತಿದ್ದರು. "ಬೇಗ ಚುಚ್ಚಿ ಅಂದ್ರ, ನೀವು ಎದ್ರಕಂಡ್ರ ನಂಗ ಇನ್ನೂ ನೋಯ್ತದ" ಎಂದು ಅವಳು ನಗುತ್ತಿದ್ದಳು.

ಒಮ್ಮೆ ಸ್ಕ್ಯಾನಿಂಗಿಗೆ ಅವಳ ಜೊತೆ ನಾನೇ ಹೋದೆ. ಒಳಗಿನ ಕತ್ತಲೆ ಕೋಣೆಯಲ್ಲಿ ಡಾಕ್ಟರಮ್ಮ ಒಂದು ಗುಂಡಿ ಒತ್ತಿದರು. ಗೋಡೆಯಾಚೆ ಯಾರದೋ ಮನೆಯ ಮಗ್ಗ ಓಡುತ್ತಿರುವ ಹಾಗೆ ಬಿಡುವಿಲ್ಲದ, ಅವಸರದ ಸದ್ದು ತುಂಬಿಕೊಂಡಿತು. "ಇದೇ ಮಗೂದು" ಎಂದರು. ಚಿಕ್ಕವ್ವ ನನ್ನ ಕೈ ಹಿಡಿದುಕೊಂಡಳು. ಹೊರಗೆ ಬಂದ ಮೇಲೆ, "ಇಷ್ಟೊಂದ್ ಜೋರಾ? ಓಡ್ಕಂಡ್ ಬತ್ತಾ ಅದಲ್ಲ ಮಗ!" ಎಂದಳು. ನನ್ನನ್ನು ಅವಳು ಯಾವಾಗಲೂ ಮಗ ಎಂದೇ ಕರೆಯುತ್ತಿದ್ದಳು.

ಐದನೇ ತಿಂಗಳಲ್ಲಿ ಇನ್ನೊಂದು ಸ್ಕ್ಯಾನಿಂಗ್ ಆಯಿತು. ಆಗ ನಾನು ಕಾಲೇಜಿನಲ್ಲಿದ್ದೆ. ಮನೆಗೆ ಬಂದರೆ ಬಾಗಿಲಿಗೆ ಬೀಗ. ಪಕ್ಕದ ಮನೆಯವರು, "ಮೈಸೂರ್ಗ್ ಕರ್ಕಂಡೋದ್ರು ಕಣವ್ವ, ಮಗೀದು ಎದೆ ಬಡ್ಕತಾ ಇಲ್ವಂತೆ" ಎಂದರು. ಚಿಕ್ಕವ್ವ ವಾಪಸು ಬಂದಾಗ ಹೊಟ್ಟೆ ಇಳಿದಿತ್ತು. ಮಾತ್ರೆ ಮತ್ತೆ ಶುರುವಾಯಿತು, ಮಿಷನ್ನೂ ಮತ್ತೆ ಶುರುವಾಯಿತು. ಆ ಬಗ್ಗೆ ಅವಳು ಬಾಯಿ ಬಿಡಲಿಲ್ಲ. ಎರಡನೇ ಪಿಯುಸಿ ಮುಗಿಸಿ, ಮೆಡಿಕಲ್ ಸೀಟು ಸಿಕ್ಕಿ, ನಾನು ಟ್ರಂಕು ಹೊತ್ತು ಹೊರಡುವ ದಿನವೂ ಬಿಡಲಿಲ್ಲ.

ಕಾಲೇಜಿನಲ್ಲಿ ನನಗೆ ಮೊದಲ ಭಯ ಹುಟ್ಟಿಸಿದ್ದು ಹೃದಯದ ಪಾಠವೇ. ಹತ್ತನೇ ಕ್ಲಾಸಿನವರೆಗೂ ಕನ್ನಡದಲ್ಲಿ ಓದಿದವಳು ನಾನು. ಹೃತ್ಕರ್ಣ, ಹೃತ್ಕುಕ್ಷಿ ಎಂದು ನಾಲ್ಕು ಕೋಣೆಯ ಚಿತ್ರ ಬರೆದು ಬಣ್ಣ ತುಂಬಿದ್ದೆ. ಇಲ್ಲಿ ನೋಡಿದರೆ ಆ ಕೋಣೆಗಳು ಗರ್ಭದಲ್ಲಿ ಹೇಗೆ ಹುಟ್ಟುತ್ತವೆ ಎಂಬುದಕ್ಕೇ ಪುಟಗಟ್ಟಲೆ ಇಂಗ್ಲಿಷು. ಓದಿದ್ದು ಬಾಯಿಗೆ ಬರುತ್ತಿತ್ತು, ಕಣ್ಣಿಗೆ ಕಟ್ಟುತ್ತಿರಲಿಲ್ಲ. ಪುಸ್ತಕ ಹೊತ್ತುಕೊಂಡು ಶನಿವಾರ ಕೊಳ್ಳೇಗಾಲಕ್ಕೆ ಹೋದೆ. ಚಿಕ್ಕವ್ವ ನೆಲದ ಮೇಲೆ ಕಾಲು ಚಾಚಿ ಕುಪ್ಪಸಗಳಿಗೆ ಹುಕ್ಕು ಹಾಕುತ್ತಿದ್ದಳು. ನಾನು ಅವಳ ಪಕ್ಕ ಕೂತು ಗಟ್ಟಿಯಾಗಿ ಓದತೊಡಗಿದೆ.

"ಏನದು ಮಂತ್ರ ಏಳ್ದಂಗೆ ಏಳ್ತಿದ್ದಿ?" ಎಂದಳು.

"ಹೃದಯ ಹೆಂಗ್ ಬೆಳೀತದೆ ಅಂತ ಚಿಕ್ಕವ್ವ."

ಸೂಜಿ ನಿಂತಿತು. "ನಂಗೂ ಏಳ್ಕೊಡು. ನಮ್ಮಾತ್ನಲ್ಲಿ ಏಳು" ಎಂದಳು.

ಹಾಗೆ ಆ ಪಾಠ ಶುರುವಾಯಿತು. ಮೊದಲಿಗೆ ಹೃದಯ ಎದೆಯಲ್ಲೇ ಇರುವುದಿಲ್ಲ ಎಂದು ಹೇಳಿದೆ. ಮಗು ಇನ್ನೂ ಚಪ್ಪಟೆ ಎಲೆಯ ಹಾಗೆ ಇರುವಾಗ ಹೃದಯ ಆಗಬೇಕಾದ ಜಾಗ ತಲೆಗಿಂತ ಮುಂದೆ ಇರುತ್ತದೆ, ಆಮೇಲೆ ತಲೆ ಬೆಳೆದು ಮುಂದಕ್ಕೆ ಬಾಗಿದಾಗ ಅದು ಕೆಳಗೆ ಎದೆಗೆ ಬಂದು ಸೇರುತ್ತದೆ. ಅಲ್ಲಿ ಎರಡು ಎಳೆಯ ಕೊಳವೆಗಳು ಹತ್ತಿರ ಬಂದು ಒಂದೇ ಕೊಳವೆಯಾಗುತ್ತವೆ. ಆ ಕೊಳವೆ ತಾನಿರುವ ಜಾಗಕ್ಕಿಂತ ಉದ್ದ ಬೆಳೆಯುತ್ತದೆ, ಬೇರೆ ದಾರಿಯಿಲ್ಲದೆ ಬಲಕ್ಕೆ ಬಾಗಿ ತನ್ನ ಮೇಲೇ ಮಡಿಚಿಕೊಳ್ಳುತ್ತದೆ. ಕೆಳಗಿದ್ದದ್ದು ಮೇಲೆ ಹಿಂದಕ್ಕೆ ಹೋಗುತ್ತದೆ. ನಾನು ಹೇಳುತ್ತಾ ಹೇಳುತ್ತಾ ಕೈಯನ್ನೇ ಮಡಚಿ ತೋರಿಸಿದೆ. ಪುಸ್ತಕದಲ್ಲಿ ವಾರದಿಂದ ಅರ್ಥವಾಗದೆ ಉಳಿದಿದ್ದ ಚಿತ್ರ ನನ್ನ ಮೊಣಕೈಯಲ್ಲಿ ಥಟ್ಟನೆ ಅರ್ಥವಾಯಿತು.

"ಬಡ್ಕಳದು ಯಾವಾಗ?"

"ಆ ಕೊಳವೆ ಇದ್ದಾಗ್ಲೇ. ಮೂರು ವಾರ ಮುಗಿಯೋ ಹೊತ್ತಿಗೆ. ಗೋಡೆ ಇಲ್ಲ, ಕೋಣೆ ಇಲ್ಲ, ಆಗ್ಲೇ ಶುರು."

"ಯಾರ್ ಏಳ್ಕೊಡ್ತಾರೆ ಅದ್ಕ?"

ಯಾರೂ ಹೇಳಿಕೊಡಬೇಕಾಗಿಲ್ಲ, ಹೃದಯದ ಮಾಂಸದ ಕಣಗಳಿಗೆ ಬಡಿಯುವ ಗುಣ ಹುಟ್ಟಿನಿಂದಲೇ ಇರುತ್ತದೆ ಎಂದೆ. ಮಿದುಳು ಆಮೇಲೆ ಅದನ್ನು ಬೇಗ ಬಡಿ, ನಿಧಾನ ಬಡಿ ಎನ್ನಬಹುದಷ್ಟೆ, ಶುರು ಮಾಡಿಸುವುದು ಮಿದುಳಲ್ಲ. ಬಲಗಡೆಯ ಮೇಲಿನ ಕೋಣೆಯ ಗೋಡೆಯಲ್ಲಿ ಒಂದು ಸಣ್ಣ ಗುಂಪು ಎಲ್ಲಕ್ಕಿಂತ ಬೇಗ ಮಿಡಿಯುತ್ತದೆ, ಮಿಕ್ಕದ್ದೆಲ್ಲ ಅದರ ಹಿಂದೆ ಹೋಗುತ್ತದೆ. ಚಿಕ್ಕವ್ವ ಹುಕ್ಕು ಹಾಕುವುದನ್ನು ಪೂರ್ತಿ ಬಿಟ್ಟಿದ್ದಳು.

"ನಮ್ದುಕ್ಕ ಆ ಗೋಡೆಗಳೆಲ್ಲ ಆಗಿದ್ವಾ?"

ಅವಳು ಯಾವುದರ ಬಗ್ಗೆ ಕೇಳುತ್ತಿದ್ದಾಳೆ ಎಂದು ತಿಳಿಯಲು ನನಗೆ ಒಂದು ಗಳಿಗೆ ಹಿಡಿಯಿತು. ಮಗು ಹೋದ ಮೇಲೆ ಅವಳ ಬಾಯಲ್ಲಿ ಅದರ ಸುದ್ದಿ ಕೇಳಿದ್ದು ಅದೇ ಮೊದಲು.

"ಆಗಿದ್ವು ಚಿಕ್ಕವ್ವ. ಎರಡನೇ ತಿಂಗಳು ಮುಗಿಯೋದ್ರೊಳಗೆ ನಾಲ್ಕು ಕೋಣೇನೂ ಆಗ್ಬಿಡ್ತವೆ."

"ಅಂಗಾರ ಎಲ್ಲಾ ಸರ್ಯಾಗಿತ್ತು ಅದ್ರದು."

"ಹೂಂ" ಎಂದೆ. ಮುಂದಿನ ಪುಟ ತಿರುವಿದೆ. ಗರ್ಭದಲ್ಲಿ ಮಗುವಿನ ಶ್ವಾಸಕೋಶ ಇನ್ನೂ ಕೆಲಸಕ್ಕೆ ಇಳಿದಿರುವುದಿಲ್ಲ, ಉಸಿರು ತಾಯಿಯಿಂದಲೇ ರಕ್ತದಲ್ಲಿ ಬರುತ್ತದೆ. ಆದ್ದರಿಂದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಒಂದು ಬಾಗಿಲು ತೆರೆದೇ ಇರುತ್ತದೆ, ರಕ್ತ ಬಲದಿಂದ ಎಡಕ್ಕೆ ನೇರ ದಾಟುತ್ತದೆ. ಹುಟ್ಟಿದ ಮಗು ಮೊದಲ ಸಲ ಅತ್ತಾಗ ಶ್ವಾಸಕೋಶ ಅರಳುತ್ತದೆ, ರಕ್ತ ಅಲ್ಲಿಗೆ ನುಗ್ಗಿ ಎಡಗಡೆಗೆ ಬಂದು ತುಂಬುತ್ತದೆ, ಆ ಒತ್ತಡಕ್ಕೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಇಷ್ಟನ್ನು ಹೇಳಿ ಮುಗಿಸುವಾಗ ನಾನೆಲ್ಲಿಗೆ ಬಂದೆ ಎಂದು ನನಗೇ ಗೊತ್ತಾಯಿತು.

ಚಿಕ್ಕವ್ವ ಸೂಜಿಗೆ ದಾರ ಪೋಣಿಸುತ್ತಾ, "ನಮ್ದು ಅಳ್ನೇ ಇಲ್ವಲ್ಲ" ಎಂದಳು. ಅಷ್ಟೇ. ಎದ್ದು ಹೋಗಿ ಟೀಗೆ ಇಟ್ಟಳು. ಬರುವಾಗ ಕಣ್ಣು ಒರೆಸಿಕೊಂಡಿದ್ದಳು. ಲೋಟ ಕೈಗಿಟ್ಟು, "ಮುಂದ್ಕ ಏಳು. ನಿಂಗ ಪರೀಕ್ಷೆ ಅದ" ಎಂದಳು.

ಆ ಚಳಿಗಾಲವೆಲ್ಲ ಶನಿವಾರ ಭಾನುವಾರ ಹೀಗೆಯೇ ನಡೆಯಿತು. ಲಬ್ ಡಬ್ ಎಂಬುದು ಹೃದಯ ಬಡಿಯುವ ಸದ್ದಲ್ಲ, ಕವಾಟಗಳು ಮುಚ್ಚಿಕೊಳ್ಳುವ ಸದ್ದು ಎಂದಾಗ ಅವಳು ತನ್ನ ಎದೆಯ ಮೇಲೆ ಕೈಯಿಟ್ಟು ನೋಡಿಕೊಂಡಳು. ಹೃದಯ ತನಗೆ ಬೇಕಾದ ರಕ್ತದ ಹೆಚ್ಚು ಪಾಲನ್ನು ಪಡೆಯುವುದು ಹಿಂಡುವಾಗ ಅಲ್ಲ, ಸಡಿಲವಾದಾಗ ಎಂದೂ, ತುಂಬಾ ವೇಗವಾಗಿ ಬಡಿದರೆ ಆ ಬಿಡುವೇ ಕಡಿಮೆಯಾಗುತ್ತದೆ ಎಂದೂ ಹೇಳಿದೆ. "ಇದ್ನ ನಿಮ್ಮ ಚಿಕ್ಕಪ್ಪಂಗ್ ಏಳು, ಭಾನ್ವಾರನೂ ಆಟೋ ತಕಂಡ್ ಓಯ್ತಾರೆ" ಎಂದಳು. ಚಿಕ್ಕಪ್ಪ ಹೊಸ್ತಿಲಲ್ಲಿ ಕೂತು ಬೀಡಿ ಸೇದುತ್ತಾ ನಗುತ್ತಿದ್ದರು.

ಒಂದು ಭಾನುವಾರ ಬೆಳಿಗ್ಗೆ ಅವರು ಮಟನ್ ಅಂಗಡಿಗೆ ಹೊರಟಾಗ ಕುರಿಯ ಗುಂಡಿಗೆ ಒಂದು ಬೇಕು, ಕತ್ತರಿಸದೆ ಇಡಿಯಾಗಿ ಕೊಡಲು ಹೇಳಿ ಎಂದೆ. ಕುರಿಯದ್ದು ನಮ್ಮದರ ಹಾಗೆಯೇ ಇರುತ್ತದೆ, ಮನೆಯಲ್ಲಿ ಬಿಚ್ಚಿ ನೋಡಿ ಎಂದು ಮೇಷ್ಟರು ಹೇಳಿದ್ದರು. ಅಡಿಗೆಮನೆಯ ಕಲ್ಲಿನ ಮೇಲೆ, ತಟ್ಟೆಯಲ್ಲಿಟ್ಟು, ಚಿಕ್ಕವ್ವನ ಕತ್ತರಿಯಿಂದಲೇ ಎಡಗಡೆಯ ಮೇಲಿನ ಕೋಣೆಯನ್ನು ಕತ್ತರಿಸಿ ತೆಗೆದೆ. ಕೆಳಗಿನ ಕೋಣೆಗೆ ಹೋಗುವ ಬಾಯಿ ಕಂಡಿತು. ಅದರೊಳಕ್ಕೆ ಚೊಂಬಿನಿಂದ ನೀರು ಸುರಿದೆ. ಮಹಾಧಮನಿಯನ್ನು ನಾನು ಬೆರಳಿನಿಂದ ಬಿಗಿಯಾಗಿ ಹಿಡಿದುಕೊಂಡು, ಕೆಳಗಿನಿಂದ ಮೆಲ್ಲಗೆ ಹಿಸುಕಿ ಎಂದು ಚಿಕ್ಕಪ್ಪನಿಗೆ ಹೇಳಿದೆ. ಅವರು ಹಿಸುಕಿದರು. ಒಳಗಿನಿಂದ ಬೆಳ್ಳಗಿನ ಎರಡು ತೆಳು ಪೊರೆಗಳು ಮೇಲೆದ್ದು, ಒಂದಕ್ಕೊಂದು ಆತುಕೊಂಡು, ಬಾಯಿ ಮುಚ್ಚಿದವು. ನೀರು ಹೊರಗೆ ಬರಲಿಲ್ಲ. ಕೈ ಬಿಟ್ಟರೆ ತೆರೆದವು. ಹಿಸುಕಿದರೆ ಮತ್ತೆ ಮುಚ್ಚಿದವು. ಮೂವರೂ ತಲೆಗೆ ತಲೆ ತಾಗಿಸಿಕೊಂಡು ಬಗ್ಗಿ ನೋಡುತ್ತಿದ್ದೆವು.

"ಇದೇಯಾ ನಂಗ್ ಕೆಟ್ಟಿದ್ದು?" ಎಂದಳು ಚಿಕ್ಕವ್ವ.

"ಇದೇ. ಎಡಗಡೆ ಮೇಲಿಂದ ಕೆಳಕ್ಕೆ ಬರೋ ಬಾಗ್ಲು. ನಿಂದು ದಪ್ಪ ಆಗಿ, ಅಂಟ್ಕೊಂಡು, ಸಣ್ಣ ಸೀಳಾಗಿತ್ತು. ರಕ್ತ ಇಳೀದೆ ಹಿಂದಕ್ಕೆ ಶ್ವಾಸಕೋಶದಲ್ಲಿ ನಿಂತ್ಕೋತಿತ್ತು. ಅದಕ್ಕೇ ನಿಂಗೆ ಉಸಿರು ಕಟ್ಟುತ್ತಿದ್ದದ್ದು."

ಆಮೇಲೆ ಕೋಣೆಯನ್ನು ಉದ್ದಕ್ಕೆ ಸೀಳಿದೆ. ಪೊರೆಯ ಅಂಚಿನಿಂದ ಕೆಳಗಿನ ಮಾಂಸದ ಗುಬ್ಬಿಗಳಿಗೆ ಬಿಗಿದಿದ್ದ ನೂಲಿನಂಥ ಎಳೆಗಳನ್ನು ತೋರಿಸಿದೆ. ಚಿಕ್ಕವ್ವ ಒಂದು ಎಳೆಯನ್ನು ಉಗುರಿನಿಂದ ಮೀಟಿದಳು. ಬಹಳ ಹೊತ್ತು ನೋಡಿದಳು. "ಮೊದ್ಲು ನಂದೂ ಇಂಗೇ ಇತ್ತಾ, ಇಷ್ಟ್ ತೆಳ್ಳಗ?" ಎಂದಳು. ಇತ್ತು ಎಂದೆ. "ಅದ್ನ ತಗುದು ಎಲ್ಲಾಕುದ್ರೋ ಏನೋ" ಎಂದಳು.

ಪಾಠ ಮುಗಿದ ಮೇಲೆ ಆ ಗುಂಡಿಗೆಯನ್ನು ತೊಳೆದು ಸಾರಿಗೆ ಹಾಕಿಬಿಟ್ಟಳು. ಚಿಕ್ಕಪ್ಪ ಅಂದು ಮುದ್ದೆಯನ್ನು ಬರೀ ಸಾರಿನಲ್ಲಿ ಅದ್ದಿಕೊಂಡು ನುಂಗಿದರು. "ನಂಗ್ ಬ್ಯಾಡ ಮಾರಾಯ್ತಿ, ಈಗ್ ತಾನೆ ಬಾಗ್ಲು ಮುಚ್ತಾ ತೆಗೀತಾ ಇತ್ತು" ಎಂದರು. ನಾವಿಬ್ಬರೂ ನಕ್ಕು ನಕ್ಕು ತಿಂದೆವು. ಆ ಊಟ ನೆನಪಾದರೆ ಈಗಲೂ ನನಗೆ ಆ ಅಡಿಗೆಮನೆಗೆ ಓಡಿಹೋಗುವ ಹಾಗಾಗುತ್ತದೆ.

ಊಟವಾದ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತಾ ಚಿಕ್ಕವ್ವ, "ಇನ್ನೊಂದ್ಸತಿ ನೋಡ್ಬೋದಾ ಅಂತ ಕೇಳದಾ?" ಎಂದಳು. ಚಿಕ್ಕಪ್ಪನಿಗೆ ಅರ್ಥವಾಗಲಿಲ್ಲ. "ಏನ್ ನೋಡದು?" ಎಂದರು. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಆಗ ಅವರಿಗೆ ಅರ್ಥವಾಯಿತು.

ಮೈಸೂರಿಗೆ ಮೂವರೂ ಹೋದೆವು. ಅವಳ ಹೃದಯದ ಸ್ಕ್ಯಾನಿಂಗ್ ಮಾಡಿಸಿ, ವಯಸ್ಸಾದ ಒಬ್ಬರು ಡಾಕ್ಟರಮ್ಮ ನಮ್ಮನ್ನು ಕೂರಿಸಿಕೊಂಡು ಮಾತಾಡಿದರು. ಬಸಿರಿನಲ್ಲಿ ಮೈಯ ರಕ್ತ ಒಂದೂವರೆಯಷ್ಟಾಗುತ್ತದೆ, ಹೃದಯ ಅಷ್ಟನ್ನೂ ನೂಕಬೇಕು, ಹೆರಿಗೆಯಲ್ಲಿ ಇನ್ನೂ ಹೆಚ್ಚು. ಲೋಹದ ಕವಾಟವಿದ್ದೂ ಎಚ್ಚರಿಕೆಯಿಂದ ಹೆತ್ತವರು ಇದ್ದಾರೆ. ಆದರೆ ಚಿಕ್ಕವ್ವನ ಎಡಗಡೆಯ ಕೋಣೆ ಹಿಂಡುವ ಬಲ ಕಡಿಮೆಯಾಗಿದೆ, ಶ್ವಾಸಕೋಶದ ಕಡೆಯ ಒತ್ತಡ ಏರಿದೆ. "ಮಗು ಆಗೋದೇ ಇಲ್ಲ ಅಂತ ನಾನು ಹೇಳ್ತಿಲ್ಲಮ್ಮ. ನೀವು ಉಳೀತೀರಿ ಅಂತ ಹೇಳೋಕಾಗಲ್ಲ" ಎಂದರು. ನಾನು ಪರದೆಯ ಮೇಲಿನ ಚಿತ್ರ ನೋಡುತ್ತಿದ್ದೆ. ಅರ್ಥವಾಗಬಾರದಿತ್ತು ಎನಿಸುವಷ್ಟು ಚೆನ್ನಾಗಿ ಅದು ನನಗೆ ಅರ್ಥವಾಗುತ್ತಿತ್ತು.

ಚಿಕ್ಕಪ್ಪ ಎದ್ದು ನಿಂತುಬಿಟ್ಟರು. "ನಮ್ಗ ಬ್ಯಾಡ ಮೇಡಂ. ಇವ್ಳು ಇರ್ಲಿ ನಂಗ" ಎಂದರು. ಚಿಕ್ಕವ್ವ ಅವರ ಅಂಗಿ ಹಿಡಿದು ಕೂರಿಸಿದಳು. "ಕೂತ್ಕಳಿ. ನನ್ನ ಕೇಳ್ತಿರದು ಅವ್ರು" ಎಂದಳು. ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿ, "ಆಗದಿಲ್ಲ ಬುಡಿ ಮೇಡಂ. ಕೇಳ್ದೆ ಇದ್ದಿದ್ರ ಯಾವಾಗ್ಲೂ ಕೊರೀತಿತ್ತು, ಕೇಳುದ್ನಲ್ಲ" ಎಂದಳು.

ವಾಪಸು ಬರುವಾಗ ಬಸ್ಸು ನರಸೀಪುರ ದಾಟಿತು. ಗದ್ದೆಗಳಲ್ಲಿ ನಾಟಿಯಾಗಿತ್ತು. ಚಿಕ್ಕವ್ವ ನನ್ನ ಹೆಗಲಿಗೆ ತಲೆಯಿಟ್ಟು, "ಒಂದ್ ಕೊಳವೆ ಅಂದ್ಯಲ್ಲ. ಅಷ್ಟ್ ಮಾಡ್ಕತ್ತು ಅದು ತಾನಾಗೇ. ಗೋಡೆ ಕಟ್ಕತ್ತು, ಬಾಗ್ಲು ಇಟ್ಕತ್ತು. ಇನ್ನೊಂದ್ ಸ್ವಲ್ಪ ಇದ್ದಿದ್ರ ಪೂರ್ತಿ ಆಗ್ಬುಡ್ತಿತ್ತು" ಎಂದಳು. ನಾನು ಅವಳ ಕೈ ಹಿಡಿದುಕೊಂಡೆ.

ಆ ವರ್ಷ ಪರೀಕ್ಷೆಯಲ್ಲಿ ನನಗೆ ಹೃದಯದ ಪ್ರಶ್ನೆಯೇ ಬಂತು, ಚೆನ್ನಾಗಿ ಬರೆದೆ. ಎರಡನೇ ವರ್ಷದಿಂದ ವಾರ್ಡು, ಡ್ಯೂಟಿ ಎಂದು ಶನಿವಾರಗಳು ನನ್ನವಾಗಿ ಉಳಿಯಲಿಲ್ಲ. ಕೊಳ್ಳೇಗಾಲಕ್ಕೆ ಹೋಗುವುದು ತಿಂಗಳಿಗೊಮ್ಮೆಯಾಯಿತು, ಆಮೇಲೆ ಹಬ್ಬಕ್ಕೊಮ್ಮೆಯಾಯಿತು. ಫೋನು ಮಾಡಿದರೆ ರಕ್ತ ಪರೀಕ್ಷೆ ಮಾಡಿಸಿದೆಯಾ ಎಂದು ನಾನು ಕೇಳುತ್ತಿದ್ದೆ, ಊಟ ಮಾಡಿದೆಯಾ ಎಂದು ಅವಳು ಕೇಳುತ್ತಿದ್ದಳು. ಈಗ ಓದು ಮುಗಿದು ಹೌಸ್ ಸರ್ಜನ್ ಆಗಿದ್ದೇನೆ. ಸ್ವಲ್ಪ ಕಾಲ ಹನೂರಿನ ಕಡೆ ಹಾಕಿದ್ದರು. ಮಲೆ ಮಹದೇಶ್ವರ ಬೆಟ್ಟದ ಕಾಡಿನ ಹಾಡಿಗಳಿಂದ ಬಸುರಿಯರು ಜೀಪಿನಲ್ಲಿ ಬರುತ್ತಿದ್ದರು. ಗಂಟಲು ನೋವು, ಮಂಡಿ ಊತ ಎಂದು ಯಾವ ಮಗು ಬಂದರೂ ಬೇಗ ಕಳುಹಿಸಲು ನನಗೆ ಮನಸ್ಸಾಗುತ್ತಿರಲಿಲ್ಲ. ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು, ಕಣ್ಣು ಮುಚ್ಚಿ, ಕೇಳಿದ್ದನ್ನೇ ಮತ್ತೆ ಕೇಳುತ್ತಿದ್ದೆ. "ಏನಾದ್ರೂ ಅದ್ಯಾ ಡಾಕ್ಟ್ರವ್ವ?" ಎಂದು ತಾಯಂದಿರು ಗಾಬರಿಯಾಗುತ್ತಿದ್ದರು. "ಏನಿಲ್ಲ, ಚೆನ್ನಾಗದೆ" ಎನ್ನುವಾಗ ನನಗೇ ಸಮಾಧಾನವಾಗುತ್ತಿತ್ತು.

ಹೋದ ತಿಂಗಳು ರಜೆ ಸಿಕ್ಕಿತೆಂದು ಹೇಳದೆ ಕೇಳದೆ ಕೊಳ್ಳೇಗಾಲಕ್ಕೆ ಹೋದೆ. ಬಾಗಿಲು ತೆರೆದವಳು ಒಬ್ಬಳು ಹುಡುಗಿ. ಗೋಪಿನಾಥಂನಲ್ಲಿರುವ ಚಿಕ್ಕಪ್ಪನ ಅಕ್ಕನ ಮಗಳು. ಅಲ್ಲಿಂದ ಬಸ್ಸುಗಳು ಕಡಿಮೆ, ದಿನಾ ಓಡಾಡುವುದು ಆಗದ ಮಾತು. ಪಿಯುಸಿಗೆಂದು ಇಲ್ಲಿಗೆ ತಂದು ಬಿಟ್ಟಿದ್ದರು. ಕನ್ನಡದ ನಡುವೆ ತಮಿಳು ಬೆರೆಸಿ ಮಾತಾಡುತ್ತಿದ್ದಳು. ನನ್ನ ಪುಸ್ತಕಗಳಿದ್ದ ಗೂಡಿನಲ್ಲಿ ಅವಳ ಪುಸ್ತಕಗಳಿದ್ದವು. "ಅತ್ತೆ, ಯಾರೋ ಅಕ್ಕ ವಂದಿರಿಕ್ಕಾಂಗ" ಎಂದು ನಾನು ಬಂದದ್ದನ್ನು ಒಳಗೆ ಕೂಗಿ ಹೇಳಿದಳು.

ಚಿಕ್ಕವ್ವ ಮಿಷನ್ನಿನಿಂದ ಎದ್ದು ಬಂದು ನನ್ನನ್ನು ಅಪ್ಪಿಕೊಂಡಳು. ತೆಳ್ಳಗಾಗಿದ್ದಳು, ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಊಟದಲ್ಲಿ ಮೊದಲ ಮುದ್ದೆ ನನಗೆ ಬಡಿಸಿದಳು. ಆದರೆ, "ಬಾ ಮಗ, ನೀನೂ ಕೂತ್ಕ" ಎಂದು ಅವಳು ಕರೆದಾಗ, ತಟ್ಟೆಯ ಮುಂದೆ ಆಗಲೇ ಕೂತಿದ್ದ ನಾನು ತಿರುಗಿ ನೋಡಿದೆ. ಕರೆದದ್ದು ಆ ಹುಡುಗಿಯನ್ನು. ತಲೆ ತಗ್ಗಿಸಿ ಮುದ್ದೆಯನ್ನು ಸಾರಿನಲ್ಲಿ ಹೊರಳಿಸುತ್ತಾ ಕೂತೆ. ಇಷ್ಟು ಓದಿದವಳು, ನಾಳೆ ಡಾಕ್ಟರಾಗುವವಳು, ಒಂದು ಮಾತಿಗೆ ಹೀಗಾಗುತ್ತೇನೆಂದು ನಾನು ಎಣಿಸಿರಲಿಲ್ಲ.

ಸಂಜೆ ಬಸ್ ಸ್ಟ್ಯಾಂಡಿನವರೆಗೆ ಚಿಕ್ಕವ್ವ ಬಂದಳು. ನಡುವೆ ಒಂದು ಬಳೆ ಅಂಗಡಿಯ ಮುಂದೆ ಬಳೆ ನೋಡುವವಳ ಹಾಗೆ ನಿಂತಳು. ಉಸಿರು ಸುಧಾರಿಸಿಕೊಳ್ಳಲು ನಿಂತದ್ದೆಂದು ನನಗೆ ತಿಳಿಯಿತು, ನಾನೂ ಬಳೆ ನೋಡಿದೆ.

"ಮುಖ ಯಾಕ್ ಸಣ್ಣಗ್ ಮಾಡ್ಕಂಡಿದ್ದಿ?" ಎಂದಳು.

"ಏನಿಲ್ಲ ಚಿಕ್ಕವ್ವ. ಅವ್ಳು ಬಂದದ್ದು ಒಳ್ಳೇದೇ ಆಯ್ತು. ನಿಂಗೂ ಜೊತೆ."

ಅವಳು ನನ್ನನ್ನೇ ನೋಡಿದಳು. "ಅವ್ಳು ಬಂದ್ಲು ಅಂತ ಆ ಜಾಗ ತುಂಬ್ತದ ಅಂದ್ಕಂಡ್ಯಾ? ಇಲ್ಲ ಕಣವ್ವ. ನೀನಿದ್ದಾಗ್ಲೂ ತುಂಬ್ನಿಲ್ಲ. ನೀನ್ ಬುಟ್ಟೋದ್ಮ್ಯಾಲ ಅದ್ರ್ ಜೊತ್ಗ ನಿಂದೂ ಒಂದ್ ಜಾಗ ಖಾಲಿಯಾಯ್ತು, ಅಷ್ಟೇಯ. ಆದ್ರ ಮನೇಲಿ ಯಾರಾರ ಒಬ್ರು ಗಟ್ಟಿಯಾಗ್ ಓದ್ತಾ ಕೂತಿರ್ಬೇಕು ನಂಗ. ಇಲ್ದಿದ್ರ ಮಿಷನ್ನಲ್ಲಿ ಒಲ್ಗೆ ಸಾಗದಿಲ್ಲ."

ಹೊರಡುವ ಬಸ್ಸು ಹಾರನ್ ಹೊಡೆಯಿತು. ಹತ್ತಿ ಕೂತೆ. ಅವಳು ಕಿಟಕಿಯ ಕೆಳಗೆ ಬಂದು ಕೈ ಮೇಲೆತ್ತಿದಳು, ನಾನು ಬಗ್ಗಿ ಹಿಡಿದುಕೊಂಡೆ. ಡ್ರೈವರು ಗೇರು ಹಾಕಿದ ಮೇಲೂ ಎರಡು ಹೆಜ್ಜೆ ಬಸ್ಸಿನ ಜೊತೆಗೇ ನಡೆದಳು. "ಜೋರಾಗಿ ನಡೀಬ್ಯಾಡ ಚಿಕ್ಕವ್ವ!" ಎಂದು ಕೂಗಿದೆ. ಅವಳು ನಕ್ಕು ನಿಂತಳು. ಬಸ್ಸು ತಿರುಗುವವರೆಗೂ ಜನರ ನಡುವೆ ಅವಳ ಹಸಿರು ಸೀರೆ ಕಾಣುತ್ತಿತ್ತು.